ಚಳಿಗೆ ಮುಂಚೆ ಕಾರಿನ ಬಾಗಿಲಿನ ರಬ್ಬರ್ ನೋಡಿಕೊಳ್ಳಿ

ಕೆನಡಾದ ವಿನ್ನಿಪೆಗ್‌ನಲ್ಲಿ ಅಕ್ಟೋಬರ್ ಬಂತು ಅಂದರೆ ನನಗೆ ತಳಮಳ ಶುರು. ಹೊಸದಾಗಿ ಬಂದ ನಮ್ಮ ಹುಡುಗರು ಕಾರು ತೊಳೆದು ಪಳಪಳ ಹೊಳೆಸುತ್ತಾರೆ. ಮೊದಲ ಮೈನಸ್ 30ರ ಬೆಳಿಗ್ಗೆ ಮಂಜುಗಟ್ಟಿ ಅಂಟಿಕೊಂಡ ಅದೇ ಕಾರಿನ ಬಾಗಿಲು ಹಿಡಿದು ಗುದ್ದಾಡುತ್ತಿರುತ್ತಾರೆ. ಹೋದ ವರ್ಷ ಒಬ್ಬ ಮಂಜು ಕರಗಿಸಲು ಕೆಟಲ್ ತುಂಬ ಕುದಿಯೋ ನೀರು ತಂದು ಗಾಜಿಗೆ ಸುರಿಯಲು ಹೊರಟಿದ್ದ. ಓಡಿಹೋಗಿ ತಡೆದೆ. ಗಾಜು ಸೀಳು ಬಿಡುತ್ತದೆ ಮಾರಾಯ, ಅಷ್ಟೂ ಗೊತ್ತಾಗಲ್ವಾ?

ಚಳಿಗಾಲದ ಟೈರು ಹಾಕಿಸಿ. "ಆಲ್ ಸೀಸನ್ ಸಾಕು ಆಂಟಿ" ಅನ್ನಬೇಡಿ. 7 ಡಿಗ್ರಿಗಿಂತ ಕೆಳಗಿಳಿದರೆ ಅದರ ರಬ್ಬರ್ ಗಟ್ಟಿಯಾಗಿ ಹಿಡಿತ ಕಡಿಮೆಯಾಗುತ್ತದೆ. ಬ್ಯಾಟರಿ ಹಳತಾಗಿದ್ದರೆ ಪರೀಕ್ಷೆ ಮಾಡಿಸಿ, ಮೈನಸ್ 18ಕ್ಕೆ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಾನೆಟ್ ಮುಂದೆ ಬಾಲದ ಹಾಗೆ ನೇತಾಡುವ ವೈರು ಇದೆಯಲ್ಲ, ಅದು ಬ್ಲಾಕ್ ಹೀಟರ್‌ದು, ಅಂದರೆ ಇಂಜಿನ್ ಬೆಚ್ಚಗೆ ಮಾಡುವ ಕರೆಂಟ್ ಹೀಟರ್‌ದು. ರಾತ್ರಿಯಿಡೀ ಉರಿಸುವುದು ಬೇಡ. ಟೈಮರ್ ಇಟ್ಟು, ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಶುರುವಾಗುವ ಹಾಗೆ ಮಾಡಿ.

ಈಗ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ. ಇದನ್ನು ಯಾರೂ ಮಾಡುವುದಿಲ್ಲ, ನೋಡಿ ನೋಡಿ ಸಾಕಾಗಿದೆ. 1986ರ ಜನವರಿ, ಮಗಳಿಗೆ ಕೆಂಡದಂಥ ಜ್ವರ. ಆಸ್ಪತ್ರೆಗೆ ಹೊರಟರೆ ಬಾಗಿಲು ಅಂಟಿಕೊಂಡಿದೆ. ನಮ್ಮ ಯಜಮಾನರು ಬಲವಾಗಿ ಎಳೆದರು. ಬಾಗಿಲು ಬಂತು, ರಬ್ಬರ್ ಮಾತ್ರ ಕಿತ್ತು ಚೌಕಟ್ಟಿನಲ್ಲೇ ಉಳಿಯಿತು. ಆ ಚಳಿಗಾಲ ಪೂರ್ತಿ ಸಂದಿಗೆ ಟವೆಲ್ ತುರುಕಿಕೊಂಡು ಓಡಾಡಿದೆವು. ಆಮೇಲೆ ಒಂದು ವರ್ಷವೂ ನಾನು ಈ ಕೆಲಸ ತಪ್ಪಿಸಿಲ್ಲ.

ಬಿಸಿಲಿರುವ ಒಂದು ಮಧ್ಯಾಹ್ನ ನಾಲ್ಕೂ ಬಾಗಿಲು ತೆರೆದಿಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಒಂದು ಚೂರು ಹಾಕಿ, ಹಳೇ ಬನಿಯನ್ ಅದ್ದಿ ಹಿಂಡಿ. ಮೇಲೆ ಮೇಲೆ ಒರೆಸಿದರೆ ಸಾಲದು. ರಬ್ಬರಿನ ಮಡಿಕೆಯನ್ನು ಬೆರಳಿಂದ ಬಿಡಿಸಿ ಒಳಗೆ ಒರೆಸಿ, ಬೇಸಿಗೆಯ ಧೂಳೆಲ್ಲ ಕಪ್ಪಗೆ ಬರುತ್ತದೆ. ಬಟ್ಟೆ ಬೆಳ್ಳಗೆ ಬರುವವರೆಗೂ ಬಿಡಬೇಡಿ. ಆಮೇಲೆ ಪೂರ್ತಿ ಒಣಗಬೇಕು. ಒಂದು ಹನಿ ಉಳಿದರೂ ಅದೇ ಮಂಜುಗಡ್ಡೆಯಾಗಿ ಅಂಟುತ್ತದೆ. ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಸವರಿ, ನೇರವಾಗಿ ರಬ್ಬರಿಗೆ ಹೊಡೆದರೆ ಸೀಟೆಲ್ಲ ಜಾರುತ್ತದೆ. ಹಲಸಿನ ಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳುತ್ತೇವಲ್ಲ, ಅಷ್ಟೇ ತೆಳ್ಳಗೆ. ರಬ್ಬರ್ ಹೋಗಿ ಕೂರುವ ಚೌಕಟ್ಟಿಗೂ ಒಂದು ಕೈ, ಡಿಕ್ಕಿಗೂ ಒಂದು ಕೈ. ಕೊಬ್ಬರಿ ಎಣ್ಣೆ ಹಚ್ಚಿದವರೂ ಇದ್ದಾರೆ! ಅಡುಗೆಮನೆಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಹೊರಗೆ ಏನು ಮಾಡೀತು? ವ್ಯಾಸಲಿನ್ ಕೂಡ ಬೇಡ, ರಬ್ಬರ್ ಉಬ್ಬಿ ಹಾಳಾಗುತ್ತದೆ.

ಅಂದಹಾಗೆ, ಕರಿಬೇವಿನ ಕುಂಡ ಇನ್ನೂ ಹೊರಗೇ ಇದೆಯಾ? ಅದು ಸೆಪ್ಟೆಂಬರ್‌ನಲ್ಲೇ ಒಳಗೆ ಬರಬೇಕಿತ್ತು. ಎಲೆ ಉದುರಿತು ಅಂತ ಸುಮ್ನೆ ನೀರು ಸುರಿಯಬೇಡಿ, ಬೇರು ಕೊಳೆಯುತ್ತದೆ.

ಗಾಜು ತೊಳೆಯುವ ನೀರನ್ನು ಮೈನಸ್ 40ರವರೆಗೂ ಹೆಪ್ಪುಗಟ್ಟದಂಥದ್ದಕ್ಕೆ ಬದಲಾಯಿಸಿ. ತುಂಬಿಸಿ ಬಿಟ್ಟರೆ ಆಗಲಿಲ್ಲ. ಪೈಪಿನಲ್ಲಿ ಉಳಿದ ಹಳೇ ನೀರು ಹೋಗುವವರೆಗೂ ಹೊಡೆಸಿ. ಡಿಕ್ಕಿಯಲ್ಲಿ ಸಲಿಕೆ, ಕಂಬಳಿ, ಒಂದು ಚೀಲ ಮರಳು ಇರಲಿ. ಬೀಗದ ಮಂಜು ಕರಗಿಸುವ ಸ್ಪ್ರೇ ಮಾತ್ರ ನಿಮ್ಮ ಕೈಚೀಲದಲ್ಲಿರಲಿ. ಬೀಗವೇ ಹೆಪ್ಪುಗಟ್ಟಿದ ಮೇಲೆ ಕಾರಿನೊಳಗಿನ ಸ್ಪ್ರೇ ಹೇಗೆ ತೆಗೆಯುತ್ತೀರಿ?