ಬಿಕ್ಕಟ್ಟಿನ ಕಾಲದಲ್ಲಿ ಐಎಂಎಫ್ ಮುನ್ನಡೆಸುವ ಬಗೆ

ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ವ್ಯವಸ್ಥಾಪಕ ನಿರ್ದೇಶಕರಾಗಿ ಬರುವವರು ಅರ್ಥಶಾಸ್ತ್ರಕ್ಕಿಂತ ಮೊದಲು ಮತಗಳ ಲೆಕ್ಕವನ್ನು ಅರಿತಿರಬೇಕು. ಪ್ರಮುಖ ನಿರ್ಧಾರಗಳಿಗೆ ಶೇ 85ರಷ್ಟು ಮತಗಳು ಬೇಕು; ಅಮೆರಿಕದ ಪಾಲು ಶೇ 16ಕ್ಕಿಂತ ಹೆಚ್ಚು. ಅಂದರೆ ಅದು ಒಪ್ಪದೆ ಅಂಥ ನಿರ್ಧಾರ ಆಗದು. 2020ರಲ್ಲಿ ಎಸ್‌ಡಿಆರ್ (ನಿಧಿಯು ಸದಸ್ಯ ರಾಷ್ಟ್ರಗಳಿಗೆ ಸೃಷ್ಟಿಸಿ ಕೊಡುವ ಮೀಸಲು ಆಸ್ತಿ) ಹಂಚಿಕೆಯ ಪ್ರಸ್ತಾವವನ್ನು ಅಮೆರಿಕ ಒಪ್ಪಲಿಲ್ಲ (ಭಾರತವೂ ಬೆಂಬಲಿಸಿರಲಿಲ್ಲ). ಅಮೆರಿಕದಲ್ಲಿ ಸರ್ಕಾರ ಬದಲಾದ ಮೇಲೆಯೇ, 2021ರ ಆಗಸ್ಟ್‌ನಲ್ಲಿ, 65,000 ಕೋಟಿ ಡಾಲರ್ ಮೌಲ್ಯದ ಹಂಚಿಕೆ ನಡೆಯಿತು. ಮಂಡಳಿಯ ಸಭೆ ಕರೆಯುವ ಮುನ್ನವೇ ದೊಡ್ಡ ಸದಸ್ಯ ರಾಷ್ಟ್ರಗಳ ಹಣಕಾಸು ಸಚಿವರೊಡನೆ ಮಾತು ಮುಗಿಸಿರಬೇಕು ಎನ್ನುವುದು ಇದಕ್ಕೇ.

ಸಂಕಷ್ಟಕ್ಕೆ ದೇಶದ ಆಡಳಿತ ಕಾರಣವಲ್ಲದಿದ್ದರೆ, ಕೋವಿಡ್ ಕಾಲದಲ್ಲಿ ಮಾಡಿದಂತೆ, ಹೆಚ್ಚಿನ ಷರತ್ತುಗಳಿಲ್ಲದ ತುರ್ತು ಸಾಲವನ್ನು ಮೊದಲು ಕೊಡಿ. ಮುನ್ನಂದಾಜನ್ನೂ ಮೆದುಗೊಳಿಸಬೇಡಿ. ಆಗ ನಿಧಿಯ ಮುಖ್ಯ ಅರ್ಥಶಾಸ್ತ್ರಜ್ಞೆಯಾಗಿದ್ದ, ಮೈಸೂರಿನಲ್ಲಿ ಬೆಳೆದ ಗೀತಾ ಗೋಪಿನಾಥ್ ಅವರು 2020ರ ಏಪ್ರಿಲ್‌ನಲ್ಲೇ ವಿಶ್ವದ ಆರ್ಥಿಕತೆ ಶೇ 3ರಷ್ಟು ಕುಗ್ಗಲಿದೆ ಎಂದು ನೇರವಾಗಿ ಹೇಳಿದ್ದರು.

ಷರತ್ತು ವಿಧಿಸುವಾಗ ಮಾತ್ರ ಅವಸರ ಸಲ್ಲದು. 1997ರ ನವೆಂಬರ್ 1ರಂದು ಇಂಡೊನೇಷ್ಯಾದಲ್ಲಿ ನಿಧಿಯ ಕಾರ್ಯಕ್ರಮದ ಭಾಗವಾಗಿ 16 ಬ್ಯಾಂಕುಗಳನ್ನು ಮುಚ್ಚಲಾಯಿತು. ಸಣ್ಣ ಠೇವಣಿಗಳಿಗಷ್ಟೇ ಖಾತರಿಯಿದ್ದುದರಿಂದ, ಮುಂದಿನ ಸರದಿ ಯಾವುದೋ ಎಂದು ಹೆದರಿದ ಜನರು ಸುಸ್ಥಿತಿಯಲ್ಲಿದ್ದ ಖಾಸಗಿ ಬ್ಯಾಂಕುಗಳಿಂದಲೂ ಹಣ ತೆಗೆಯಲು ಮುಗಿಬಿದ್ದರು. 1998ರ ಜನವರಿಯಲ್ಲಿ ಅಧ್ಯಕ್ಷ ಸುಹಾರ್ತೊ ಬಾಗಿ ಒಪ್ಪಂದಕ್ಕೆ ಸಹಿ ಹಾಕುವಾಗ ನಿಧಿಯ ಮುಖ್ಯಸ್ಥ ಮಿಷೆಲ್ ಕಾಮ್ದೆಸ್ಸು ಕೈಕಟ್ಟಿ ನಿಂತಿದ್ದ ಚಿತ್ರವಂತೂ ಏಷ್ಯಾದಲ್ಲಿ ನಿಧಿಯ ಹೆಸರಿಗೆ ವರ್ಷಗಟ್ಟಲೆ ಮಸಿ ಬಳಿಯಿತು. ಆದ್ದರಿಂದ ಬ್ಯಾಂಕು ಮುಚ್ಚುವ ಮೊದಲು ಠೇವಣಿದಾರರಿಗೆ ಪೂರ್ಣ ಖಾತರಿ ಘೋಷಿಸುವಂತೆ ನೋಡಿಕೊಳ್ಳಿ. ಷರತ್ತುಗಳನ್ನು ಬಿಕ್ಕಟ್ಟಿನ ಮೂಲಕ್ಕೆ ಸೀಮಿತಗೊಳಿಸಿ. ಒಪ್ಪಂದವನ್ನು ಜನರ ಮುಂದಿಡುವ ಕೆಲಸವನ್ನು ಆ ದೇಶದ ಸಚಿವರಿಗೇ ಬಿಡಿ.

ತೀರಿಸಲಾಗದ ಸಾಲದ ಮೇಲೆ ಹೊಸ ಸಾಲ ಹೇರುವುದು ಇನ್ನೂ ದುಬಾರಿ ತಪ್ಪು. 2010ರಲ್ಲಿ ಗ್ರೀಸ್‌ಗೆ ಒಟ್ಟು 11,000 ಕೋಟಿ ಯೂರೊ ನೆರವು ಘೋಷಿಸಿದಾಗ ಹಳೆಯ ಸಾಲವನ್ನು ಮುಟ್ಟಲಿಲ್ಲ. ಸಾಲದ ಪುನರ್‌ರಚನೆ (ಮರುಪಾವತಿಯ ಮೊತ್ತ, ಅವಧಿಗಳನ್ನು ಸಡಿಲಿಸುವುದು) ನಡೆದದ್ದು 2012ರಲ್ಲಿ. ಆ ಹೊತ್ತಿಗೆ ಸಾಲ ಕೊಟ್ಟಿದ್ದ ಖಾಸಗಿಯವರಲ್ಲಿ ಹಲವರು ತಮ್ಮ ಹಣ ವಾಪಸು ಪಡೆದಿದ್ದರು. ಇಂಥ ವಿಳಂಬಗಳ ಬಗ್ಗೆ ನಿಧಿಯೇ 2013ರಲ್ಲಿ ತನ್ನನ್ನು ವಿಮರ್ಶಿಸಿಕೊಂಡಿತು.

ಈಗ ಸಾಲ ಕೊಟ್ಟವರ ಪಟ್ಟಿಯಲ್ಲಿ ಚೀನಾ ಮತ್ತು ಭಾರತವೂ ಇರುವುದರಿಂದ ಮಾತುಕತೆ ಇನ್ನಷ್ಟು ಎಳೆಯುತ್ತದೆ. ಶ್ರೀಲಂಕಾದೊಂದಿಗೆ ಸಿಬ್ಬಂದಿ ಮಟ್ಟದ (ನಿಧಿಯ ಅಧಿಕಾರಿಗಳೊಡನೆ ಆಗುವ ಪ್ರಾಥಮಿಕ) ಒಪ್ಪಂದ 2022ರ ಸೆಪ್ಟೆಂಬರ್‌ನಲ್ಲಾದರೂ, ಸಾಲ ಕೊಟ್ಟವರಿಂದ ಹೊರೆ ಇಳಿಸುವ ಭರವಸೆಗಳು ಬಂದು ಮಂಡಳಿ ಒಪ್ಪಿಗೆ ನೀಡಿದ್ದು 2023ರ ಮಾರ್ಚ್‌ನಲ್ಲಿ. ಸಾಲ ಕೋರಿದ ಪತ್ರ ಕೈಸೇರಿದ ವಾರದಲ್ಲೇ ಬೀಜಿಂಗ್, ದೆಹಲಿ ಮತ್ತು (ಸಾಲ ಕೊಟ್ಟ ದೇಶಗಳ ಕೂಟವಾದ ಪ್ಯಾರಿಸ್ ಕ್ಲಬ್ ಇರುವ) ಪ್ಯಾರಿಸ್‌ಗೆ ಪ್ರತ್ಯೇಕ ತಂಡಗಳನ್ನು ಕಳುಹಿಸಿ.