ಕರಾವಳಿ ಮನೆಯ ತಾರಸಿಗೆ ಸೋಲಾರ್: ಲೆಕ್ಕ, ನೆರಳು, ಉಪ್ಪುಗಾಳಿ

ಮೊದಲು ಕರೆಂಟ್ ಬಿಲ್ ತೆಗೆಯಿರಿ. ಒಂದು ತಿಂಗಳದ್ದು ಸಾಲದು, ಹನ್ನೆರಡು ತಿಂಗಳ ಸರಾಸರಿ ಬೇಕು. ತಿಂಗಳಿಗೆ 240 ಯೂನಿಟ್ ಅಂದರೆ ದಿನಕ್ಕೆ 8. ಉಷ್ಣವಲಯದ ಕರಾವಳಿಯಲ್ಲಿ ಬೀಳುವ ಬಿಸಿಲು, ವರ್ಷದ ಸರಾಸರಿಯಲ್ಲಿ, ದಿನಕ್ಕೆ ಸುಮಾರು 5 ಗಂಟೆಯ ಪೂರ್ಣ ಬಿಸಿಲಿಗೆ ಸಮ. ಕಾವು, ಕೊಳೆ, ಕೇಬಲ್, ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿಗೆ ಬದಲಿಸುವ ಇನ್ವರ್ಟರ್ ಸೇರಿ ಅದರಲ್ಲಿ ಐದನೇ ಒಂದು ಪಾಲು ನುಂಗುತ್ತವೆ. ಹಾಗಾಗಿ 1 ಕಿಲೋವ್ಯಾಟ್‌ಗೆ ದಿನಕ್ಕೆ 4 ಯೂನಿಟ್ ಎಂದೇ ಹಿಡಿಯಿರಿ. ಐದು ಖಂಡಿತ ಬರುತ್ತದೆ ಎನ್ನುವವರನ್ನು ನಂಬಬೇಡಿ. 8 ಯೂನಿಟ್‌ಗೆ 2 ಕಿಲೋವ್ಯಾಟ್ ಬೇಕು, 550 ವ್ಯಾಟಿನ 4 ಪ್ಯಾನೆಲ್ (2.2 ಕಿಲೋವ್ಯಾಟ್) ಸಾಕು. ಒಂದೊಂದು ಸುಮಾರು 2.6 ಚದರ ಮೀಟರ್. ಸುತ್ತ ಓಡಾಡುವ ಜಾಗವೂ ಸೇರಿ 18ರಿಂದ 20 ಚದರ ಮೀಟರ್ ಇರಲಿ.

ತಾರಸಿಯಲ್ಲಿ ಬೆಳಿಗ್ಗೆ 9ಕ್ಕೆ, 12ಕ್ಕೆ, 3ಕ್ಕೆ ನೆರಳಿನ ಅಂಚನ್ನು ಸೀಮೆಸುಣ್ಣದಲ್ಲಿ ಗುರುತಿಸಿ. ಜೂನ್‌ನ ನೆರಳು ಡಿಸೆಂಬರ್‌ನಲ್ಲಿ ಅಲ್ಲೇ ಇರುವುದಿಲ್ಲ, ಎರಡೂ ಸಲ ನೋಡಬೇಕು. ತೆಂಗಿನ ಒಂದೇ ಗರಿಯ ನೆರಳು ಸಾಕು: ಪ್ಯಾನೆಲ್‌ನ ಸೆಲ್‌ಗಳು ಸಾಮಾನ್ಯವಾಗಿ ಮೂರು ಗುಂಪಾಗಿರುತ್ತವೆ, ಒಂದು ಗುಂಪಿಗೆ ದಟ್ಟ ನೆರಳು ಬಿದ್ದರೆ ಕರೆಂಟನ್ನು ಬಳಸುದಾರಿಯಲ್ಲಿ ಹರಿಸುವ ಬೈಪಾಸ್ ಡಯೋಡ್ ಆ ಗುಂಪನ್ನು ಪೂರ್ತಿ ಬಿಟ್ಟುಬಿಡುತ್ತದೆ. ಆ ಪ್ಯಾನೆಲ್‌ನ ಮೂರನೇ ಒಂದು ಪಾಲು ಹೋಯಿತು.

ಪ್ಯಾನೆಲ್ ಭೂಮಧ್ಯರೇಖೆಯ ಕಡೆಗೆ, ಊರಿನ ಅಕ್ಷಾಂಶದಷ್ಟು ವಾಲಿರಲಿ. ಅಕ್ಷಾಂಶ 10 ಡಿಗ್ರಿಗಿಂತ ಕಡಿಮೆಯಾದರೂ 10 ಡಿಗ್ರಿ ಕೊಡಿ, ಇಲ್ಲದಿದ್ದರೆ ಕೆಳಗಿನ ಅಂಚಿನಲ್ಲಿ ನೀರು ನಿಂತು ಕೊಳೆಯ ಪಟ್ಟಿ ಕಟ್ಟುತ್ತದೆ. ಅಡಿಯಲ್ಲಿ ಗಾಳಿಯಾಡಲಿ: ಸೆಲ್‌ನ ಕಾವು 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಶಕ್ತಿ ಇಳಿಯುತ್ತದೆ, ಸೆಲ್ 60 ಡಿಗ್ರಿ ಮುಟ್ಟಿದರೆ ಶೇ. 12 ನಷ್ಟ.

ನಿಜವಾದ ಶತ್ರು ಉಪ್ಪು. ಪ್ಯಾನೆಲ್‌ಗೆ ಐಇಸಿ 61701 ಉಪ್ಪುಮಂಜಿನ ಪರೀಕ್ಷೆಯ ಪ್ರಮಾಣಪತ್ರ ಕೇಳಿ. ಸ್ಟ್ಯಾಂಡ್ ಆನೊಡೈಸ್ ಮಾಡಿದ (ಮೇಲೆ ಆಕ್ಸೈಡ್ ಪದರ ಕಟ್ಟಿಸಿದ) ಅಲ್ಯೂಮಿನಿಯಂ ಇಲ್ಲವೇ ಹಾಟ್‌ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ) ಉಕ್ಕಿನದಾಗಿರಲಿ. ಬೆಳ್ಳಿಬಣ್ಣ ಬಳಿದ ಕಬ್ಬಿಣ ಬೇಡವೇ ಬೇಡ. ಗ್ಯಾಲ್ವನೈಸ್ ಆದ ಮೇಲೆ ವೆಲ್ಡಿಂಗ್ ಮಾಡಿದರೆ ಸತುವಿನ ಪದರ ಸುಟ್ಟು ಅಲ್ಲಿಂದಲೇ ತುಕ್ಕು ಶುರು, ಆದ್ದರಿಂದ ಎಲ್ಲ ಜೋಡಣೆ ಬೋಲ್ಟ್‌ನಲ್ಲೇ ಆಗಲಿ. ಬೋಲ್ಟ್ 304 ದರ್ಜೆಯದ್ದಲ್ಲ, ಉಪ್ಪನ್ನು ಹೆಚ್ಚು ತಾಳುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಅಲ್ಯೂಮಿನಿಯಂ ಬೇರೆ ಲೋಹಕ್ಕೆ ತಾಗುವಲ್ಲಿ ರಬ್ಬರ್ ಅಥವಾ ನೈಲಾನ್ ವಾಷರ್ ಹಾಕಿ, ಇಲ್ಲವಾದರೆ ಉಪ್ಪುನೀರು ಸೇರಿ ಅಲ್ಯೂಮಿನಿಯಂ ತೂತು ಬೀಳುತ್ತದೆ. ಹಾಗೆ ಬೇರ್ಪಡಿಸಿದ ಕಡೆ ಅರ್ಥಿಂಗ್ ತಾನಾಗಿ ಸಿಗದು, ಫ್ರೇಮ್‌ಗಳಿಗೆ ಬೇರೆ ವಯರ್ ಎಳೆಯಿರಿ. ಕೇಬಲ್ ಜೋಡಿಸುವ ಕನೆಕ್ಟರ್‌ನ ಎರಡು ತುದಿ ಒಂದೇ ಕಂಪನಿಯದ್ದಾಗಿರಲಿ. ಬೆರೆಸಿದರೆ ಸಡಿಲ ಕೂತು, ತೇವ ಹೊಕ್ಕು, ಕಾದು ಕರಗುತ್ತದೆ. ಇನ್ವರ್ಟರ್ ಧೂಳು, ನೀರಿನ ಎರಚು ಒಳಹೊಗದ ಐಪಿ65 ದರ್ಜೆಯದ್ದಾಗಿರಲಿ, ನೆರಳಿನಲ್ಲಿರಲಿ.

ಬ್ಯಾಟರಿಯಿಲ್ಲದ ಆನ್‌ಗ್ರಿಡ್ (ಊರಿನ ವಿದ್ಯುತ್ ಲೈನಿಗೆ ಜೋಡಿಸಿದ) ಇನ್ವರ್ಟರ್ ಕರೆಂಟ್ ಹೋದ ಕೂಡಲೇ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ತಗಲಬಾರದೆಂದು ಹಾಗೆ, ಕೆಟ್ಟಿದ್ದಲ್ಲ.

ಮಳೆಯಿಲ್ಲದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಗಾಜು ಕಾಯುವ ಮುನ್ನ, ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪಿನಂಶದ ಬೋರ್‌ವೆಲ್ ನೀರು ಒಣಗಿದರೆ ಬಿಳಿ ಕಲೆ ಉಳಿಸುತ್ತದೆ.