ಸೊನ್ನೆಗೆ ಸರಿಯಿದ್ದ ಮೈಕ್ರೋಮೀಟರ್ ಇಪ್ಪತ್ತಕ್ಕೆ ತಪ್ಪಿದ್ದು ಯಾಕೆ?

"ಅಣ್ಣಾ, ಬಡಿಯಾದೇ ಬ್ಯಾಡ, ಬೇರಿಂಗು ಕೈಯಾಗೇ ಹೋತು" ಅಂದ ನಮ್ಮ ಹುಡುಗ.

ದಾವಣಗೆರೆಯ ಒಂದು ಮಂಡಕ್ಕಿ ಭಟ್ಟಿಯ ಬ್ಲೋವರ್ ಮೋಟಾರಿನ ಶಾಫ್ಟ್ ಅದು. ಬೇರಿಂಗ್ ಕೂರುವ ಜಾಗ ಸವೆದಿತ್ತು. ವೆಲ್ಡಿಂಗ್ ತುಂಬಿ, ಲೇತಿಗೆ ಕಟ್ಟಿ, ನನ್ನ ಮೈಕ್ರೋಮೀಟರಿನಲ್ಲಿ 20.01 ಮಿ.ಮೀ.ಗೆ ತಂದು ನಿಲ್ಲಿಸಿದ್ದೆ. 6204 ಬೇರಿಂಗಿನ ಒಳವ್ಯಾಸ 20 ಮಿ.ಮೀ. ಸಾಮಾನ್ಯ ದರ್ಜೆಯದಾದರೆ ಅದು 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದಲ್ಲೊಂದು ಭಾಗ) ತನಕ ಕಡಿಮೆ ಇರಬಹುದು, ಹೆಚ್ಚಿರುವ ಹಾಗಿಲ್ಲ. ಅಂದಮೇಲೆ 20.01ರ ಶಾಫ್ಟಿಗೆ ಪೈಪಿಟ್ಟು ಬಡಿದರೇನೇ ಇಳಿಯಬೇಕು. ಇದು ಸಡಿಲ ಉಂಗುರದ ಹಾಗೆ ಜಾರಿ ಕೂತಿತ್ತು.

ಬೇರಿಂಗ್ ನಕಲಿ ಇರಬೇಕು ಅಂತ ಇನ್ನೊಂದು ತರಿಸಿದೆ, ಅದೂ ಹಾಗೇ. ಪಕ್ಕದ ವರ್ಕ್‌ಶಾಪಿನವರ ಮೈಕ್ರೋಮೀಟರ್ (ತಿರುಪಿನಿಂದ ಸೂಕ್ಷ್ಮವಾಗಿ ಅಳೆಯುವ ಸಾಧನ) ಇಸ್ಕೊಂಡು ಶಾಫ್ಟ್ ಅಳೆದೆ: 19.99. ನನ್ನದರಲ್ಲಿ ಅಳೆದೆ: 20.01. ಬೇರಿಂಗಿನ ತಪ್ಪಲ್ಲ ಅನ್ನುವುದು ಖಾತ್ರಿಯಾಯಿತು.

0ರಿಂದ 25 ಮಿ.ಮೀ. ತನಕ ಅಳೆಯುವ ಜಪಾನಿನ ನನ್ನ ಆ ಮೈಕ್ರೋಮೀಟರನ್ನು ಗುಜರಿಯಲ್ಲಿ 450 ರೂಪಾಯಿಗೆ ತಂದಿದ್ದೆ. ನಮ್ಮ ಕಡೆ ಇಂಥವು ಸಿಗುತ್ತವೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ದೇಶಕ್ಕೆಲ್ಲ ಲೇತ್ ಕೊಟ್ಟಿತು, ನಮ್ಮೂರಲ್ಲಿ ಹತ್ತಿ ಗಿರಣಿಗಳಿದ್ದವು. ಗಿರಣಿಗಳು ಮುಚ್ಚುತ್ತಾ ಬಂದ ಹಾಗೆ ಕೆಲಸಗಾರರ ಕೈಯಲ್ಲಿದ್ದ ಒಳ್ಳೊಳ್ಳೆ ಸಾಮಾನು ತೂಕಕ್ಕೆ ಬಿದ್ದವು. ಅಂಥದ್ದನ್ನು ಕಂಡರೆ ಬಿಟ್ಟು ಬರಲು ನನಗೆ ಮನಸ್ಸಾಗುವುದಿಲ್ಲ. ತಂದ ದಿನವೇ ಅಳೆಯುವ ಎರಡು ಮುಖಗಳ ನಡುವೆ ಬಿಳಿ ಕಾಗದ ಹಗುರಾಗಿ ಹಿಡಿಸಿ, ಎಳೆದು, ಕೊಳೆ ತೆಗೆದು, ಸೊನ್ನೆ ನೋಡಿದ್ದೆ. ಗೆರೆಗೆ ಗೆರೆ ಕೂತಿತ್ತು. ಅಷ್ಟಕ್ಕೇ ನಂಬಿಬಿಟ್ಟೆ. ಆರು, ಎಂಟು ಮಿ.ಮೀ. ಪಿನ್ನುಗಳಿಗೇ ಬಳಸುತ್ತಿದ್ದುದರಿಂದ ತಿಂಗಳುಗಟ್ಟಲೆ ಏನೂ ಗೊತ್ತಾಗಲಿಲ್ಲ.

ಐಟಿಐಯಲ್ಲಿ ಪಾಠ ಮಾಡುವ ಗೆಳೆಯನ ಹತ್ತಿರ ನಿಖರ ಅಳತೆಯ ಉಕ್ಕಿನ ತುಂಡುಗಳು, ಅಂದರೆ ಸ್ಲಿಪ್ ಗೇಜ್‌ಗಳಿದ್ದವು. ಮೈಕ್ರೋಮೀಟರ್ ಪರೀಕ್ಷೆಗೆಂದೇ ಇರುವ ಹತ್ತರ ಸೆಟ್: 2.5, 5.1, 7.7, 10.3, 12.9, 15.0, 17.6, 20.2, 22.8, 25.0. ಈ ವಕ್ರ ಅಳತೆಗಳಿಗೆ ಕಾರಣವಿದೆ. ಥಿಂಬಲ್ (ಕೈಯಲ್ಲಿ ತಿರುಗಿಸುವ ಗೆರೆಗಳ ಕೊಳವೆ) ಒಂದು ಸುತ್ತು ತಿರುಗಿದರೆ ಅರ್ಧ ಮಿ.ಮೀ. ಸರಿಯುತ್ತದೆ, ಅದರ ಮೇಲೆ 50 ಗೆರೆ. 5, 10, 15 ಅಂತ ಅಳೆದರೆ ಪ್ರತಿ ಸಲವೂ ಸೊನ್ನೆ ಗೆರೆಯೇ ಎದುರಿಗೆ ಬರುತ್ತದೆ, ಸುತ್ತಿನ ನಡುವೆ ತಪ್ಪಿದ್ದರೆ ಕಾಣುವುದೇ ಇಲ್ಲ. ಈ ಅಳತೆಗಳಲ್ಲಿ 10, 20, 30, 40ನೇ ಗೆರೆಗಳೂ ಪರೀಕ್ಷೆಗೆ ಸಿಗುತ್ತವೆ.

ಎಲ್ಲವನ್ನೂ ಎರಡು ತಾಸು ಒಂದೇ ಮೇಜಿನ ಮೇಲೆ ಬಿಟ್ಟೆವು. 25 ಮಿ.ಮೀ. ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 3 ಮೈಕ್ರಾನ್ ಬೆಳೆಯುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗಿಟ್ಟ ಸಾಮಾನನ್ನೂ ನೆರಳಿನದನ್ನೂ ಒಟ್ಟಿಗೆ ಅಳೆಯಬಾರದು.

15ರ ತನಕ ಸರಿ. 17.6ಕ್ಕೆ 17.61 ತೋರಿಸಿತು. 20.2ಕ್ಕೆ 20.22. ಆಗ ಗೆಳೆಯ, "ಟ್ಯೂಬ್‌ಲೈಟಿಗೆ ಹಿಡಿದು ನೋಡು ಮಾರಾಯ" ಅಂದ. ರ‍್ಯಾಚೆಟ್ (ಒತ್ತಡ ಹೆಚ್ಚಾದರೆ ತಾನೇ ಜಾರುವ ತುದಿಯ ತಿರುಗಣೆ) ಟಿಕ್ ಟಿಕ್ ಅಂದು ಜಾರಿತ್ತು, ಆದರೆ ಗೇಜಿಗೂ ಸ್ಪಿಂಡಲ್ (ಥಿಂಬಲ್ ಜೊತೆ ಮುಂದೆ ಹಿಂದೆ ಸರಿಯುವ ಕಡ್ಡಿ) ಮುಖಕ್ಕೂ ನಡುವೆ ಕೂದಲಿಗಿಂತ ಸಣ್ಣದೊಂದು ಬೆಳಕಿನ ಗೆರೆ ಇನ್ನೂ ಕಾಣುತ್ತಿತ್ತು. ಮುಟ್ಟಿಯೇ ಇರಲಿಲ್ಲ! ರ‍್ಯಾಚೆಟ್ ಬಿಟ್ಟು ಥಿಂಬಲನ್ನೇ ಹಿಡಿದು ಮೆಲ್ಲಗೆ ತಿರುಗಿಸಿದೆ. ಬೆಳಕು ಆರಿತು, ಗೆರೆ 20.20ಕ್ಕೆ ಬಂತು.

ಅಂದರೆ ತಿರುಪಿನ ಅಳತೆ ಸರಿಯೇ ಇದೆ. 17ರಿಂದ ಮುಂದೆ ಸ್ಪಿಂಡಲ್ ಬಿಗಿ. ಆ ಬಿಗಿತವನ್ನು ತಳ್ಳುವುದರಲ್ಲೇ ರ‍್ಯಾಚೆಟ್ಟಿನ ಶಕ್ತಿ ಮುಗಿದು, ಮುಖ ಮುಟ್ಟುವ ಮೊದಲೇ ಜಾರುತ್ತಿದೆ.

ಲಾಕ್ ಸಡಿಲಿಸಿ, ಥಿಂಬಲನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರೆ ಸ್ಪಿಂಡಲ್ ಪೂರ್ತಿ ಹೊರಬರುತ್ತದೆ. ಒಳಗೆ ಯಾರೋ ಗಾಡಿ ಚಕ್ರದ ಗ್ರೀಸ್ ತುಂಬಿದ್ದರು. ಅದು ಹಳೇ ಜೋನಿಬೆಲ್ಲದ ಹಾಗೆ ಕಂದುಬಣ್ಣಕ್ಕೆ ತಿರುಗಿ ಅಂಟಿಕೊಂಡಿತ್ತು. ಥಿಂಬಲ್ಲಿನ ಒಳಗಿರುವ ತಿರುಗದ ಕೊಳವೆ, ಅಂದರೆ ಸ್ಲೀವಿನ ತುದಿಯಲ್ಲಿ ತಿರುಪಿನ ಆಟ (ಸಡಿಲ) ಹೊಂದಿಸುವ ಸಣ್ಣ ನಟ್ ಇರುತ್ತದೆ. ಅದರ ಮೇಲೆ ಪ್ಲೈಯರ್ ಹಲ್ಲಿನ ಗುರುತು. ಹಿಂದಿನವರೂ ನನ್ನ ಹಾಗೆ ಸಣ್ಣ ಅಳತೆಗೇ ಬಳಸಿ ಆ ಭಾಗದ ತಿರುಪು ಸವೆಸಿದ್ದಾರೆ, ಆಟ ಬಂದಾಗ ನಟ್ ಬಿಗಿದಿದ್ದಾರೆ. ಸವೆದ ಕಡೆ ಹದವಾಯಿತು, ಸವೆಯದ ಕಡೆ ಕಚ್ಚಿಕೊಂಡಿತು. ಗುರುತು ನೋಡಿ ನನಗೆ ಹೊಳೆದದ್ದು ಇಷ್ಟು.

ಪೆಟ್ರೋಲಿನಲ್ಲಿ ನೆನೆಹಾಕಿ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ತಿರುಪಿನ ತಳದಲ್ಲಿ ಉಳಿದ ಅಂಟು ಬ್ರಶ್ಶಿಗೆ ಸಿಗುವುದಿಲ್ಲ. ಹೊಲಿಗೆ ದಾರವನ್ನು ತಿರುಪಿನ ತೋಡಿನೊಳಗೆ ಕೂರಿಸಿ, ಎರಡೂ ತುದಿ ಹಿಡಿದು, ಸ್ಪಿಂಡಲನ್ನು ತಿರುಗಿಸುತ್ತಾ ಹೋದೆ. ನಾಲ್ಕು ದಾರ ಕಪ್ಪಾದವು, ಐದನೆಯದು ಬೆಳ್ಳಗೆ ಬಂತು. ಇಲ್ಲಿ ದಯವಿಟ್ಟು ಎಮರಿ ಕಾಗದ ಮುಟ್ಟಬೇಡಿ. ಅದು ಕೊಳೆಯ ಜೊತೆ ಅಳತೆಯನ್ನೂ ತಿನ್ನುತ್ತದೆ.

ತೊಳೆದ ಮೇಲೆ ಅರ್ಧ ಬಿಗಿ ಹೋಯಿತು. ಉಳಿದದ್ದಕ್ಕೆ ನಟ್ಟನ್ನು ಕೊಕ್ಕೆ ಸ್ಪ್ಯಾನರಿನಲ್ಲಿ ಕೂದಲಷ್ಟು ಸಡಿಲಿಸುವುದು, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡುವುದು, ಜೋಡಿಸುವುದು, 20.2 ಹಿಡಿದು ಬೆಳಕು ನೋಡುವುದು. ನಾಲ್ಕನೇ ಸಲಕ್ಕೆ ರ‍್ಯಾಚೆಟ್ಟಿನಲ್ಲೇ ಬೆಳಕು ಆರಿತು. ಬಿಚ್ಚಿ ಜೋಡಿಸಿದ್ದರಿಂದ ಸೊನ್ನೆ ಒಂದೂವರೆ ಗೆರೆ ಸರಿದಿತ್ತು, ಅದೇ ಸ್ಪ್ಯಾನರಿನಿಂದ ಸ್ಲೀವನ್ನು ತಿರುಗಿಸಿ ತಂದೆ.

ಹತ್ತೂ ಗೇಜ್ ಮತ್ತೆ ಹಿಡಿದೆವು. ಸವೆದ ಕಡೆ ಈಗ ಕೈಗೆ ಚೂರು ಆಟ ತಿಳಿಯುತ್ತದೆ. 5.1ಕ್ಕೆ ಅರ್ಧ ಗೆರೆ ಕಡಿಮೆ ತೋರಿಸುತ್ತದೆ, ಉಳಿದವು ಸರಿ. ಸವೆದ ಉಕ್ಕನ್ನು ವಾಪಸು ತರಲಾಗದು. ನನಗೆ 20ರಲ್ಲಿ ಸರಿ ಇರುವುದು ಮುಖ್ಯ, ಅದಕ್ಕೇ ನಟ್ಟನ್ನು ಮತ್ತೆ ಬಿಗಿಯಲಿಲ್ಲ.

ಶಾಫ್ಟಿಗೆ ಮತ್ತೆ ವೆಲ್ಡಿಂಗ್ ತುಂಬಿ ತಿರುಗಿಸಿದೆ. ಎರಡನೇ ಸಲದ ಕೂಲಿ ತಗೊಳ್ಳಲಿಲ್ಲ. ಈ ಸಲ ಬೇರಿಂಗ್ ಅಂಚಿಗೇ ನಿಂತಿತು, ಹುಡುಗ ಪೈಪ್ ತಂದ. ಮೈಕ್ರೋಮೀಟರಿನ ಡಬ್ಬಿಯೊಳಗೆ ಒಂದು ಚೀಟಿ ಅಂಟಿಸಿದ್ದೇನೆ: "5ರ ಹತ್ತಿರ 5 ಮೈಕ್ರಾನ್ ಕಡಿಮೆ ತೋರಿಸುತ್ತದೆ. ನಟ್ ಬಿಗಿಯಬೇಡಿ."